ಉಪ್ಪಿನ ದಂಡೆಯ ಹೆಬ್ಬಾತುಗಳು



ಲಡಾಖಿಗೆ ಹೋಗಿಬಂದವರ ಮನೆಗೆ ಹೋದರೆ ಚಹಾ ಬರುವ ಮುಂಚೆ ಮೊಬೈಲು ಬರುತ್ತದೆ. ಅದರಲ್ಲಿ ಪ್ಯಾಂಗಾಂಗ್ ಸರೋವರ. ನೀಲಿ ನೀರು, ಹಿಂದೆ ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟ, ಮುಂದೆ ಹಳದಿ ಸ್ಕೂಟರಿನ ಮೇಲೆ ಕೂತ ನಮ್ಮ ಸ್ನೇಹಿತರು. 2009ರಲ್ಲಿ ಬಂದ ‘ತ್ರೀ ಈಡಿಯಟ್ಸ್’ ಸಿನಿಮಾದ ಕೊನೆಯ ದೃಶ್ಯದಲ್ಲಿ ಆ ದಂಡೆ ಕಾಣಿಸಿಕೊಂಡದ್ದೇ ತಡ, ಅಲ್ಲಿಗೆ ಜಾತ್ರೆಯ ಕಳೆ ಬಂದುಬಿಟ್ಟಿತು. ಬಾಡಿಗೆ ಸ್ಕೂಟರು, ಮ್ಯಾಗಿ ಅಂಗಡಿ, ಸಾಲು ಸಾಲು ಟೆಂಟು.

ಆ ನೀಲಿಯನ್ನು ನಾನು ಹೀಗಳೆಯುವವನಲ್ಲ. ಒಂದೇ ಮಧ್ಯಾಹ್ನದಲ್ಲಿ ಅದು ನಾಲ್ಕಾರು ಬಣ್ಣ ತಿರುಗುವುದನ್ನು ನೋಡುತ್ತ ನಾನೂ ಬಾಯಿ ಬಿಟ್ಟುಕೊಂಡು ನಿಂತವನೇ. ಆದರೆ ಹಕ್ಕಿ ನೋಡಬೇಕು, ಆ ನೆಲದಲ್ಲಿ ಏನೇನು ನಡೆಯಿತೆಂದು ತಿಳಿಯಬೇಕು ಅನ್ನುವವರು ಕಣ್ಣನ್ನು ನೀರಿನ ನಡುವಿನಿಂದ ಕಿತ್ತು ಅಂಚಿಗೆ ತರಬೇಕು. ಅಂಚೆಂದರೆ ಎಲ್ಲ ಅಂಚೂ ಅಲ್ಲ. ಬೆಟ್ಟದ ಮೇಲಿಂದ ಸಿಹಿನೀರಿನ ತೊರೆಯೊಂದು ಇಳಿದು ಬಂದು, ಸರೋವರಕ್ಕೆ ಸೇರುವ ಮುಂಚೆ ಸುಸ್ತಾದಂತೆ ಹರಡಿಕೊಳ್ಳುವ ಜಾಗವಿರುತ್ತದೆ ನೋಡಿ, ಆ ಜೌಗು. ಫೋಟೋದಲ್ಲಿ ಅದು ಚೆನ್ನಾಗಿ ಕಾಣುವುದಿಲ್ಲ. ಗೇಣುದ್ದದ ಹುಲ್ಲು, ಕರಿಕೆಸರು, ಸಗಣಿ, ಸೊಳ್ಳೆ. ಹಾಗಿದ್ದೂ ಅಲ್ಲಿನ ಹಕ್ಕಿಗಳ ಬದುಕು, ಕುರಿಗಾಹಿಗಳ ಬದುಕು, ರಾಜರ ಜಗಳ, ಸೈನ್ಯದ ದಾರಿ ಎಲ್ಲವೂ ಈ ಕೆಸರಿನ ಪಟ್ಟಿಯನ್ನೇ ಹಿಡಿದು ನಡೆದಿವೆ. ಇವತ್ತಿನ ನನ್ನ ಮಾತು ಆ ಪಟ್ಟಿಯ ಬಗ್ಗೆ.

ಲೇಹ್ ಪಟ್ಟಣದ ಪೂರ್ವಕ್ಕೆ, ಆಗ್ನೇಯಕ್ಕೆ ಹೋದಂತೆ ನೆಲ ಏರುತ್ತ ಏರುತ್ತ ಚಾಂಗ್‌ಥಾಂಗ್ ಎಂಬ ಪ್ರಸ್ಥಭೂಮಿಯಾಗುತ್ತದೆ. ಅದರ ಬಹುಪಾಲು ಟಿಬೆಟಿನಲ್ಲಿದೆ. ಪಶ್ಚಿಮದ ಒಂದು ತುದಿ ನಮ್ಮ ಕಡೆ ಚಾಚಿಕೊಂಡಿದೆ. ಆ ತುದಿಯಲ್ಲಿ ಮೂರು ದೊಡ್ಡ ಸರೋವರಗಳು. ಪ್ಯಾಂಗಾಂಗ್ ಸುಮಾರು 130 ಕಿಲೋಮೀಟರ್ ಉದ್ದದ್ದು; ಅದರ ಮೂರನೇ ಒಂದು ಭಾಗದಷ್ಟು ಮಾತ್ರ ನಮ್ಮ ಕೈಯಲ್ಲಿದೆ. ದಕ್ಷಿಣಕ್ಕೆ ತ್ಸೊ ಮೊರಿರಿ, 4,500 ಮೀಟರಿಗೂ ಮೇಲೆ, ನೂರು ಮೀಟರ್ ಆಳ. ಇವೆರಡರ ಕೀರ್ತಿಯ ನೆರಳಿನಲ್ಲಿ ಕೂತಿರುವ ಮೂರನೆಯದು ತ್ಸೊ ಕರ್.

ಮೂರಕ್ಕೂ ಒಂದು ಸಮಾನ ದುರದೃಷ್ಟವಿದೆ. ಒಂದು ಕಾಲಕ್ಕೆ ಪ್ಯಾಂಗಾಂಗಿನ ನೀರು ತಾಂಗ್‌ತ್ಸೆ ಕಣಿವೆಯಲ್ಲಿ ಹರಿದು ಶ್ಯೋಕ್ ನದಿಯನ್ನು ಸೇರುತ್ತಿತ್ತು. ಮೊರಿರಿಯ ನೀರು ದಕ್ಷಿಣಕ್ಕೆ ಪಾರೆ ಚು ಹೊಳೆಗೆ ಹೋಗುತ್ತಿತ್ತು. ಪಕ್ಕದ ಬೆಟ್ಟಗಳಿಂದ ಕೊಚ್ಚಿ ಬಂದ ಕಲ್ಲುಮಣ್ಣು ಬಾಗಿಲಿಗೆ ಅಡ್ಡ ಬಿತ್ತು, ಮಳೆ ಕಡಿಮೆಯಾಯಿತು, ಕೋಡಿ ಬೀಳುವುದು ನಿಂತಿತು. ಅಂದಿನಿಂದ ಒಳಗೆ ಬಂದ ನೀರಿಗೆ ಬಿಸಿಲಲ್ಲಿ ಆರುವುದೊಂದೇ ದಾರಿ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಆಳವಾದ ಮೊರಿರಿ ಇನ್ನೂ ಸ್ವಲ್ಪ ಸಪ್ಪೆ ಸಪ್ಪೆಯಾಗಿದೆ. ಪ್ಯಾಂಗಾಂಗಿನ ಪಶ್ಚಿಮ ತುದಿ, ಅಂದರೆ ನಮ್ಮ ತುದಿ, ಚೆನ್ನಾಗಿಯೇ ಉಪ್ಪು. ತ್ಸೊ ಕರ್ ದಂಡೆಯಲ್ಲಂತೂ ಸುಣ್ಣ ಬಳಿದಂತೆ ಉಪ್ಪು ಕೂತಿರುತ್ತದೆ. ಗಾಳಿ ಎದ್ದರೆ ಅದು ಧೂಳಾಗಿ ಮೇಲೆದ್ದು ತುಟಿಗೆ ಅಂಟುತ್ತದೆ.

ಕಾಶ್ಮೀರದ ಮಹಾರಾಜರ ಸೇವೆಯಲ್ಲಿದ್ದು ಲಡಾಖಿನ ಆಡಳಿತವನ್ನೂ ನೋಡಿಕೊಂಡ ಫ್ರೆಡರಿಕ್ ಡ್ರ್ಯೂ ಎಂಬ ಭೂವಿಜ್ಞಾನಿ 1875ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಉಪ್ಪಿನ ಕಣಿವೆಯ ಸುತ್ತಲ ಬೆಟ್ಟಗಳ ಮೇಲೆ, ಇಂದಿನ ನೀರಿಗಿಂತ ಬಹಳ ಎತ್ತರದಲ್ಲಿ, ಹಳೆಯ ದಂಡೆಗಳ ಗುರುತನ್ನು ವಿವರಿಸಿದ್ದಾನೆ. ಅವು ಇಂದಿಗೂ ಕಾಣುತ್ತವೆ. ಸಂಜೆ ಬಿಸಿಲು ಓರೆಯಾದಾಗ ಬೆಟ್ಟದ ಮೈಮೇಲೆ ಒಂದರ ಕೆಳಗೊಂದು ಗೆರೆಗಳು ಏಳುತ್ತವೆ. ಅಷ್ಟೆತ್ತರ ನೀರಿದ್ದ ಸರೋವರ ಈಗ ತಳದಲ್ಲಿ ಎರಡು ಹೊಂಡಗಳಾಗಿ ಕುಗ್ಗಿದೆ. ಒಂದು ಉಪ್ಪಿನದು, ಅದೇ ತ್ಸೊ ಕರ್. ಅದರ ದಕ್ಷಿಣಕ್ಕೆ ಚಿಕ್ಕದೊಂದು, ಸಿಹಿನೀರಿನದು. ಹೆಸರು ಸ್ತಾರ್ತ್ಸಾಪುಕ್ ತ್ಸೊ. ಚಿಕ್ಕದರ ನೀರು ದೊಡ್ಡದಕ್ಕೆ ಹರಿಯುತ್ತದೆ. ಇವೆರಡರ ಸುತ್ತಲೂ ನಡುವೆಯೂ ಇರುವ ಜೌಗಿನಲ್ಲೇ ಇಡೀ ಲಡಾಖಿನ ಅತಿ ಒಳ್ಳೆಯ ಹಕ್ಕಿಯ ನೆಲ ಇದೆ ಎಂಬುದು ನನ್ನ ಅಭಿಪ್ರಾಯ. ಪ್ಯಾಂಗಾಂಗಿಗೆ ಹೋಗುವ ಹತ್ತು ಜನರಲ್ಲಿ ಒಬ್ಬರೂ ಇಲ್ಲಿ ರಾತ್ರಿ ತಂಗುವುದಿಲ್ಲ. ಮನಾಲಿಯ ಹೆದ್ದಾರಿಯಿಂದ ಒಳಗೆ ತಿರುಗಿ, ಬಿಳಿ ದಂಡೆಯ ಎದುರು ಒಂದು ಫೋಟೋ ತೆಗೆದು, ‘ಇಷ್ಟೇನಾ?’ ಎಂದು ಹೊರಟುಬಿಡುತ್ತಾರೆ.

ಜೂನ್ ಕೊನೆಯ ಒಂದು ಬೆಳಿಗ್ಗೆ ಅಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ. ರಸ್ತೆಯ ಪಕ್ಕದಲ್ಲೇ ದೂರದರ್ಶಕವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿಕೊಂಡು ಕೂತಿದ್ದೆ. ಜೌಗಿನ ಒಳಗೆ, ನಾಲ್ಕೂ ಕಡೆ ನೀರಿರುವ ಒಂದು ಹುಲ್ಲಿನ ದಿಬ್ಬದ ಮೇಲೆ ಬೂದು ಬಣ್ಣದ ಏನೋ ಒಂದು ರಾಶಿ. ಬಂಡೆಯೆಂದೇ ಅನ್ನಬಹುದು. ಸ್ವಲ್ಪ ಹೊತ್ತಾದ ಮೇಲೆ ಆ ರಾಶಿಯಿಂದ ಉದ್ದನೆಯ ಕಪ್ಪು ಕತ್ತೊಂದು ನಿಧಾನಕ್ಕೆ ಎದ್ದಿತು. ನೆತ್ತಿಯ ಮೇಲೆ ಕೆಂಪು ಮಚ್ಚೆ, ಕಣ್ಣಿನ ಹಿಂದೆ ಬಿಳಿಯ ಚುಕ್ಕೆ. ಕಪ್ಪು ಕೊರಳಿನ ಕ್ರೌಂಚ. ನಮ್ಮ ಗದ್ದೆಯ ಬೆಳ್ಳಕ್ಕಿಯ ಸಂಬಂಧಿಯಲ್ಲ ಇದು. ನಿಂತರೆ ಶಾಲೆಗೆ ಹೋಗುವ ಹುಡುಗನ ಎದೆಮಟ್ಟಕ್ಕೆ ಬರುವ ದೊಡ್ಡ ಹಕ್ಕಿ. ಜೋಡಿಯ ಇನ್ನೊಂದು ಹಕ್ಕಿ ದೂರದಲ್ಲಿ ಕೆಸರು ಕೆದಕುತ್ತಿತ್ತು. ಅದು ಒಂದೊಂದೇ ಹೆಜ್ಜೆ ಎತ್ತಿಡುತ್ತ ಬಂತು. ಕೂತದ್ದು ಎದ್ದಿತು. ಎರಡೂ ಕತ್ತನ್ನು ಮೇಲಕ್ಕೆತ್ತಿ ಕಹಳೆಯಂತೆ ಕೂಗಿಕೊಂಡವು. ಆಮೇಲೆ ಬಂದದ್ದು ಕೊಕ್ಕಿನಿಂದ ಮೊಟ್ಟೆಗಳನ್ನು ಹದವಾಗಿ ಹೊರಳಿಸಿ, ರೆಕ್ಕೆ ಸಡಿಲಿಸಿ ಕೂತಿತು. ಎದ್ದದ್ದು ಮೈಮುರಿದು ಮೇವಿಗೆ ಹೊರಟಿತು. ಗಂಡೋ ಹೆಣ್ಣೋ ನೋಡಿದರೆ ಗೊತ್ತಾಗುವುದಿಲ್ಲ. ಕಾವು ಕೊಡುವ ಪಾಳಿ ಇಬ್ಬರದೂ.

ಸಾಮಾನ್ಯವಾಗಿ ಎರಡು ಮೊಟ್ಟೆ. ಎರಡೂ ಮರಿಯಾಗಿ, ಎರಡೂ ಬೆಳೆದು, ಅಕ್ಟೋಬರಿನ ಚಳಿಗೆ ಮುಂಚೆ ಹಾರಲು ಕಲಿಯುವುದು ಅಪರೂಪದ ಅದೃಷ್ಟ. ಜಗತ್ತಿನ ಹದಿನೈದು ಜಾತಿಯ ಕ್ರೌಂಚಗಳಲ್ಲಿ ವಿಜ್ಞಾನಕ್ಕೆ ಕೊನೆಗೆ ಸಿಕ್ಕಿದ್ದು ಇದು. ರಷ್ಯಾದ ಅನ್ವೇಷಕ ಪ್ರಝೆವಾಲ್ಸ್ಕಿ ಟಿಬೆಟಿನ ಈಶಾನ್ಯದ ಕೊಕೊ ನೋರ್ ಸರೋವರದ ಬಳಿ ಇದನ್ನು ಕಂಡು 1876ರಲ್ಲಿ ವರ್ಣಿಸಿದ. ಕುರಿಗಾಹಿಗಳಿಗೆ ಅದು ಎಷ್ಟು ತಲೆಮಾರುಗಳಿಂದ ನೆರೆಮನೆಯದೋ! ಭಾರತದಲ್ಲಿ ಈ ಹಕ್ಕಿ ಗೂಡು ಕಟ್ಟುವುದು ಲಡಾಖಿನ ಇಂಥ ಜೌಗುಗಳಲ್ಲಿ. ಚೀನಾ ಮತ್ತು ಭೂತಾನಿನ ಚಳಿಗಾಲದ ನೆಲೆಗಳಲ್ಲಿ ಇದರ ಸಂಖ್ಯೆ ಸುಧಾರಿಸಿದ್ದರಿಂದ 2020ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಅಪಾಯದ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಿದರು. ಸಂತೋಷ. ಆದರೆ ನಮ್ಮ ಕಡೆಯ ಜೋಡಿಗಳು ಇಂದಿಗೂ ಬೆರಳೆಣಿಕೆಯ ಲೆಕ್ಕದಲ್ಲೇ ಇವೆ.

ಅದೇ ಜೌಗಿನ ಆಚೆ, ಸ್ತಾರ್ತ್ಸಾಪುಕ್‌ನ ಸಿಹಿನೀರಿನಲ್ಲಿ ಜುಟ್ಟಿನ ದೊಡ್ಡ ಗುಳುಮುಳುಕಗಳಿದ್ದವು. ಇವು ಗೂಡನ್ನು ನೀರಿನ ಮೇಲೇ ತೇಲಿಬಿಡುತ್ತವೆ. ಕೊಳೆತ ಜೊಂಡಿನ ಒದ್ದೆ ಗುಪ್ಪೆ, ನೋಡಿದರೆ ಕಸವೆನ್ನಬೇಕು. ತಾಯಿ ಇಳಿದು ಹೋಗುವಾಗ ಎರಡು ಎಳೆ ಜೊಂಡನ್ನು ಮೊಟ್ಟೆಯ ಮೇಲೆ ಎಳೆದು ಮುಚ್ಚಿ ಹೋಗುತ್ತದೆ. ಮರಿಯಾದ ಮೇಲೆ ಗೆರೆಗೆರೆಯ ಮುಖದ ಪುಟಾಣಿಗಳು ಅವ್ವನ ಬೆನ್ನೇರಿ ರೆಕ್ಕೆಯೊಳಗೆ ಹುದುಗಿ ಸವಾರಿ ಮಾಡುತ್ತವೆ. ಕಡಲಿಂದ ಅಷ್ಟು ದೂರದಲ್ಲಿ ಕಂದುತಲೆಯ ಕಡಲಹಕ್ಕಿಗಳು ಕಿರಿಚುತ್ತಿರುತ್ತವೆ. ರೀವಗಳು, ಕೆಂಪು ಕಾಲಿನ ಗೊರವಗಳು.

ಇನ್ನು ಚಕ್ರವಾಕ. ನಮ್ಮ ಕವಿಗಳು ಜಕ್ಕವಕ್ಕಿ ಎಂದು ಕರೆದು, ರಾತ್ರಿಯಾದರೆ ಸಾಕು, ಹೊಳೆಯ ಈ ದಡಕ್ಕೊಂದು ಆ ದಡಕ್ಕೊಂದು ಕೂರಿಸಿ ಅಳಿಸಿದ್ದಾರಲ್ಲ, ಅದೇ ಹೊನ್ನಿನ ಬಣ್ಣದ ಬಾತು. ಬಯಲುನಾಡಿನ ಕವಿಗಳಿಗೆ ಅದು ಕಂಡದ್ದು ಚಳಿಗಾಲದಲ್ಲಿ, ಪರವೂರಲ್ಲಿ. ಅದರ ಸಂಸಾರ ನೋಡಬೇಕಾದರೆ ಬೇಸಿಗೆಯಲ್ಲಿ ಇಲ್ಲಿಗೆ ಬರಬೇಕು. ನೀರಿನಿಂದ ದೂರದ ಬೆಟ್ಟದ ಪೊಟರೆಯಲ್ಲಿ ಮೊಟ್ಟೆಯಿಟ್ಟು, ಮರಿಯಾದ ಮೇಲೆ ಸಾಲಾಗಿ ನಡೆಸಿಕೊಂಡು ಕೆಳಗೆ ಬರುತ್ತದೆ. ಅಪ್ಪ ಮುಂದೆ, ಅಮ್ಮ ಹಿಂದೆ, ನಡುವೆ ಏಳೆಂಟು ಕಪ್ಪುಬಿಳಿ ಹತ್ತಿಯುಂಡೆ. ನಾಯಿಯೋ ನರಿಯೋ ಕಂಡರೆ ಇಬ್ಬರೂ ಸೇರಿ ಎಬ್ಬಿಸುವ ಗದ್ದಲ ಕೇಳಿದವರಿಗೆ ವಿರಹದ ನೆನಪು ಬರುವುದು ಕಷ್ಟ.

ಈ ಜೌಗು ಹಕ್ಕಿಗಳದು ಮಾತ್ರವಲ್ಲ. ಮರವಿಲ್ಲದ, ಬೆಳೆಯಿಲ್ಲದ ಆ ಎತ್ತರದಲ್ಲಿ ಹಸಿರು ಎಂಬುದು ಇರುವುದೇ ನೀರು ಒಸರುವ ಕಡೆ. ಹಾಗಾಗಿ ಚಾಂಗ್‌ಪಾ ಎಂಬ ಅಲೆಮಾರಿ ಕುರಿಗಾಹಿಗಳ ರೆಬೊ, ಅಂದರೆ ಯಾಕ್ ಕೂದಲಿನಿಂದ ನೇಯ್ದ ಕಪ್ಪು ಡೇರೆ, ಬೇಸಿಗೆಯಲ್ಲಿ ಜೌಗಿನ ಹತ್ತಿರವೇ ಬೀಳುತ್ತದೆ. ಕುರಿ, ಯಾಕ್, ಕುದುರೆ, ಎಲ್ಲಕ್ಕಿಂತ ಹೆಚ್ಚಾಗಿ ಆಡು. ಚಳಿಗಾಲದ ಮೂಳೆ ಕೊರೆಯುವ ಗಾಳಿಗೆ ಈ ಆಡುಗಳ ಉದ್ದ ಕೂದಲಿನ ಬುಡದಲ್ಲಿ ಹುಟ್ಟುವ ನಯವಾದ ತುಪ್ಪಳವೇ ಪಶ್ಮ್. ಅದರಿಂದಲೇ ಪಶ್ಮೀನಾ ಶಾಲು. ಕ್ರೌಂಚ ಕಾವಿಗೆ ಕೂತಿರುವ ಹೊತ್ತಿನಲ್ಲೇ ಡೇರೆಯ ಮುಂದೆ ಆಡಿನ ಕಾಲು ಕಟ್ಟಿ ಮಲಗಿಸಿ, ಹಣಿಗೆಯಂಥ ಸಲಕರಣೆಯಿಂದ ಆ ತುಪ್ಪಳವನ್ನು ಬಾಚಿ ತೆಗೆಯುತ್ತಾರೆ.

ಹಾಗೆ ಬಾಚುತ್ತಿದ್ದ ಒಬ್ಬ ಅಜ್ಜಿಯ ಡೇರೆಗೆ ನಮ್ಮ ಗಾಡಿಯ ಚಾಲಕ ನನ್ನನ್ನು ಕರೆದುಕೊಂಡು ಹೋದ. “ಜುಲೇ, ಅಮಾ-ಲೇ” ಎಂದು ಕೈಮುಗಿದ. ಅಜ್ಜಿ ಬೆಣ್ಣೆ ಚಹಾ ಕೊಟ್ಟಳು, ಜೊತೆಗೆ ಸಾಂಪಾ. ಅದು ನಮ್ಮ ಹುರಿಹಿಟ್ಟೇ, ಜವೆಯದು. ಕ್ರೌಂಚದ ಬಗ್ಗೆ ಕೇಳಿದೆ. ಚಾಲಕ ಹಿಂದಿಗೆ ತಿರುಗಿಸಿ ಹೇಳಿದ್ದು ಇಷ್ಟು: “ಅದು ಬಂದರೆ ಹುಲ್ಲು ಬರುತ್ತದೆ ಅಂತ ನಾವು ಆಡುಗಳನ್ನು ತಿರುಗಿಸುತ್ತೇವೆ. ನಮ್ಮ ಆಡಿಗೂ ಅದಕ್ಕೂ ಜಗಳವಿಲ್ಲ, ಅಚೋ-ಲೇ. ಜಗಳ ನಾಯಿಯ ಜೊತೆ.” ಅಚೋ ಎಂದರೆ ಅಣ್ಣ. ಅಜ್ಜಿಯ ಬಾಯಲ್ಲಿ ನಾನು ಅಣ್ಣನಾದದ್ದು ಚಾಲಕನ ಉಪಕಾರವಿರಬೇಕು.

ನಾಯಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ಉಪ್ಪಿನ ವ್ಯಾಪಾರ, ಉಣ್ಣೆಯ ವ್ಯಾಪಾರ ಹೇಳಬೇಕು.

ತ್ಸೊ ಕರ್ ದಂಡೆಯ ಉಪ್ಪನ್ನು ಚಾಂಗ್‌ಪಾಗಳು ಕೆರೆದು, ಚಿಕ್ಕ ಚಿಕ್ಕ ಉಣ್ಣೆಯ ಚೀಲಕ್ಕೆ ತುಂಬಿ, ಕುರಿಗಳ ಬೆನ್ನಿನ ಎರಡೂ ಪಕ್ಕಕ್ಕೆ ಇಳಿಬಿಟ್ಟು ಕಣಿವೆ ದಾಟಿಸುತ್ತಿದ್ದರು. ಝನ್‌ಸ್ಕಾರ್ ಕಡೆ ಹೋದರೆ ಉಪ್ಪಿಗೆ ಬದಲು ಜವೆ. ಉಪ್ಪಿಲ್ಲದ ಕಣಿವೆಗೂ ಕಾಳಿಲ್ಲದ ಬಯಲಿಗೂ ನಡುವೆ ಕುರಿಯೇ ಲಾರಿ. ಮೊರಿರಿಯ ದಂಡೆಯ ದಾರಿ ಪರಾಂಗ್ ಲಾ ಕಣಿವೆದಾರಿ ಹಾದು ಸ್ಪಿತಿಗೆ, ಅಲ್ಲಿಂದ ಕೆಳಗೆ ಹೋಗುತ್ತಿತ್ತು. ಮೊರಿರಿಗೆ ಹೋಗುವ ದಾರಿಯ ಪುಗಾ ಕಣಿವೆಯಲ್ಲಿ ನೆಲದಿಂದ ಕುದಿನೀರು ಉಕ್ಕುತ್ತದೆ. ಅಲ್ಲಿಂದ ಗಂಧಕವೂ, ಅಕ್ಕಸಾಲಿಗರಿಗೆ ಬೇಕಾದ ಬಿಳಿಗಾರವೂ ಹೋಗುತ್ತಿದ್ದವು. ನಿರ್ಜನ ಎಂದು ನಾವು ಫೋಟೋ ತೆಗೆಯುವ ಬಯಲಿಗೆ ಇಷ್ಟೊಂದು ಸಂತೆಯ ಸಂಬಂಧವಿತ್ತು.

ಉಪ್ಪಿಗಾಗಿ ಯಾರೂ ಯುದ್ಧ ಮಾಡಲಿಲ್ಲ. ಪಶ್ಮ್‌ಗಾಗಿ ಮಾಡಿದರು. ಹದಿನೇಳನೇ ಶತಮಾನದ ಕೊನೆಯಲ್ಲಿ ಲಡಾಖಿಗೂ ಟಿಬೆಟಿಗೂ ಯುದ್ಧವಾಗಿ, ಲಡಾಖಿನ ನೆರವಿಗೆ ಕಾಶ್ಮೀರದಿಂದ ಮೊಘಲರ ಸೈನ್ಯ ಬಂದು, ಕೊನೆಗೆ 1684ರ ತಿಂಗ್‌ಮೊಸ್‌ಗಾಂಗ್ ಒಪ್ಪಂದವಾಯಿತು. ಅದರಲ್ಲಿ ಗಡಿ, ಧರ್ಮಗಳ ಜೊತೆಗೇ ಪಶ್ಮಿನ ಮಾತೂ ಇದೆ. ಈ ಎತ್ತರದ ತುಪ್ಪಳವೆಲ್ಲ ಲಡಾಖಿನ ಮೂಲಕ ಕಾಶ್ಮೀರದ ಮಗ್ಗಗಳಿಗೇ ಹೋಗಬೇಕು, ಬೇರೆಲ್ಲೂ ಅಲ್ಲ. ನೂರೈವತ್ತು ವರ್ಷವಾದ ಮೇಲೆ ಜಮ್ಮುವಿನ ಡೋಗ್ರಾ ಸೇನಾಪತಿ ಜೋರಾವರ್ ಸಿಂಗ್ 1834ರಲ್ಲಿ ಲಡಾಖಿಗೆ ನುಗ್ಗಿದ. 1841ರಲ್ಲಿ ಇನ್ನೂ ಮುಂದಕ್ಕೆ, ಪಶ್ಚಿಮ ಟಿಬೆಟಿಗೇ ಹೊರಟ. ಅವನ ಸೈನ್ಯ ಸಿಂಧೂ ಕಣಿವೆಯಲ್ಲಿ, ಪ್ಯಾಂಗಾಂಗಿನ ಬಯಲಲ್ಲಿ ಬೇರೆ ಬೇರೆ ದಂಡಾಗಿ ಸಾಗಿ ಮಾನಸ ಸರೋವರದವರೆಗೂ ಗೆದ್ದಿತು. ಆಮೇಲೆ ಚಳಿ ಬಂತು. ಆ ವರ್ಷದ ಡಿಸೆಂಬರಿನಲ್ಲಿ ತಾಕ್ಲಾಕೋಟದ ಹತ್ತಿರ ಜೋರಾವರ್ ಸಿಂಗ್ ಸತ್ತ. ಸೈನಿಕರು ಕೈ ಕಾಯಿಸಿಕೊಳ್ಳಲು ತಮ್ಮ ಕೋವಿಗಳ ಮರದ ಹಿಡಿಯನ್ನೇ ಸುಟ್ಟರೆಂದು ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಬರೆದಿಟ್ಟಿದ್ದಾನೆ. ಬೇಸಿಗೆಯ ಜೌಗನ್ನು ನೋಡಿ ಚಳಿಗಾಲದ ಲೆಕ್ಕ ಹಾಕಿದವರು ಯಾರೂ ಅಲ್ಲಿ ಉಳಿದಿಲ್ಲ. 1842ರಲ್ಲಿ ಚುಶೂಲ್ ಹೆಸರಿನ ಒಪ್ಪಂದದೊಂದಿಗೆ ಆ ಜಗಳ ಮುಗಿಯಿತು.

ಚುಶೂಲ್ ಎಂದರೆ ಪ್ಯಾಂಗಾಂಗಿನ ದಕ್ಷಿಣದ ಬಯಲು. ಅಲ್ಲೂ ಒಂದು ಜೌಗು, ಅಲ್ಲೂ ಕ್ರೌಂಚದ ಗೂಡು. 1962ರ ಚೀನಾ ಯುದ್ಧದಲ್ಲಿ, ನವೆಂಬರ್ 18ರ ಬೆಳಗಿನ ಜಾವ, ಆ ಬಯಲಿನ ಅಂಚಿನ ರೆಝಾಂಗ್ ಲಾ ಮೇಲೆ ಮೇಜರ್ ಶೈತಾನ್ ಸಿಂಗ್ ಅವರ ನೇತೃತ್ವದಲ್ಲಿ 13ನೇ ಕುಮಾಂವ್‌ನ ಒಂದು ಕಂಪನಿ, ನೂರಿಪ್ಪತ್ತರಷ್ಟು ಜನ, ಹೆಚ್ಚಿನವರು ಹರಿಯಾಣದ ಬಯಲುಸೀಮೆಯ ಅಹೀರರು, ಕಡೆಯ ಗುಂಡಿನವರೆಗೆ ನಿಂತರು. ಅಷ್ಟೂ ಜನರಲ್ಲಿ ನೂರಕ್ಕೂ ಮೇಲೆ ಸತ್ತರು. ಅವರು ಹೇಗೆ ಸತ್ತರೆಂಬುದು ಹೊರಗಿನವರಿಗೆ ಖಚಿತವಾಗಿ ಗೊತ್ತಾದದ್ದು ಮುಂದಿನ ವರ್ಷ, ಕುರಿಗಾಹಿಯೊಬ್ಬ ಅತ್ತ ಹೋದಾಗ. ಹಿಮದಲ್ಲಿ ಹೆಪ್ಪುಗಟ್ಟಿದ ಕೈಗಳಲ್ಲಿ ಕೋವಿ ಹಾಗೇ ಇದ್ದವು. ಆ ಕಾಳಗಕ್ಕೆ ಸುಮಾರು ಒಂದು ತಿಂಗಳು ಮುಂಚೆ ಪ್ಯಾಂಗಾಂಗಿನ ಉತ್ತರ ದಂಡೆಯ ಸಿರಿಜಾಪ್‌ನಲ್ಲಿ ಮೇಜರ್ ಧನ್ ಸಿಂಗ್ ಥಾಪಾ ಮತ್ತು ಅವರ ಗೋರ್ಖಾಗಳು ಸೆಣಸಿದ್ದರು. ಇಬ್ಬರು ಮೇಜರ್‌ಗಳಿಗೂ ಪರಮವೀರ ಚಕ್ರ ಬಂತು, ಒಬ್ಬರಿಗೆ ಮರಣೋತ್ತರವಾಗಿ. 2020ರ ಬೇಸಿಗೆಯಲ್ಲಿ ಅದೇ ದಂಡೆಯಲ್ಲಿ ಮತ್ತೆ ಎರಡು ಸೈನ್ಯಗಳು ಎದುರುಬದುರು ನಿಂತದ್ದು ನಿಮಗೆಲ್ಲ ನೆನಪಿದೆ. ಗಡಿ ಬಿಗಿಯಾದಾಗಲೆಲ್ಲ ಮೊದಲು ಮುಚ್ಚುವುದು ಹುಲ್ಲುಗಾವಲು. ಟಿಬೆಟಿನ ದಾರಿ ನಿಂತು, ಲೇಹ್‌ನ ಅಂಗಡಿಗೆ ಪೊಟ್ಟಣದ ಉಪ್ಪು ಬಂದ ಮೇಲೆ ತ್ಸೊ ಕರ್‌ನ ಉಪ್ಪಿನ ಕುರಿಸಾಲು ಕರಗಿಹೋಯಿತು. ಖರ್ನಾಕ್ ಕಡೆಯ ಎಷ್ಟೋ ಚಾಂಗ್‌ಪಾ ಕುಟುಂಬಗಳು ಆಡು ಮಾರಿ ಲೇಹ್ ಹೊರವಲಯದ ಖರ್ನಾಕ್‌ಲಿಂಗ್ ಎಂಬ ಬಡಾವಣೆಗೆ ಬಂದು ನೆಲೆಸಿವೆ.

ಯುದ್ಧದ ಮಾತಿನ ನಡುವೆ ಒಬ್ಬ ಶಾಂತ ಮನುಷ್ಯನನ್ನು ಮರೆಯಬಾರದು. 1932ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಲಡಾಖಿಗೆ ಒಂದು ಅಧ್ಯಯನ ತಂಡ ಕಳಿಸಿತು. ಅದರಲ್ಲಿ ಇನ್ನೂ ಮೂವತ್ತು ತುಂಬದ ಎವೆಲಿನ್ ಹಚಿನ್ಸನ್ ಇದ್ದ. ಕಲ್ಲು, ಮನುಷ್ಯ, ಗುಡ್ಡ ಇವನ್ನು ನೋಡುವವರು ತಂಡದಲ್ಲಿ ಬೇರೆ ಇದ್ದರು; ಹಚಿನ್ಸನ್ನನಿಗೆ ಬೇಕಾದದ್ದು ಸರೋವರದ ನೀರು. ಅದರ ಉಪ್ಪೆಷ್ಟು, ಆಳದಲ್ಲಿ ತಂಪೆಷ್ಟು, ಕಣ್ಣಿಗೆ ಕಾಣದ ಯಾವ ಜೀವಿಗಳು ಈಜುತ್ತವೆ ಎಂದು ಅಳೆದ, ಸೋಸಿದ. ಕೆರೆ-ಸರೋವರಗಳ ವಿಜ್ಞಾನಕ್ಕೂ ಪರಿಸರ ವಿಜ್ಞಾನಕ್ಕೂ ಮುಂದೆ ಅವನು ದೊಡ್ಡ ಗುರುವಾದ. ಆ ಪ್ರವಾಸದಿಂದ ಹುಟ್ಟಿದ ಅವನ ‘ದಿ ಕ್ಲಿಯರ್ ಮಿರರ್’ ಪುಸ್ತಕ 1936ರಲ್ಲಿ ಬಂತು. ಅದರಲ್ಲಿ ಲಡಾಖಿನ ಜೊತೆಗೆ ನಮ್ಮ ನೆರೆಯ ಗೋವಾದ ಬದುಕೂ ಇದೆ. ಹಕ್ಕಿ ಯಾಕೆ ಇಲ್ಲಿದೆ, ಅಲ್ಲಿಲ್ಲ ಎಂದು ಕೇಳುವವರು ಮೊದಲು ನೀರನ್ನು ಕೇಳಬೇಕು ಎಂಬ ಪಾಠ ಅವನಿಂದ ಕಲಿಯುವಂಥದ್ದು. ಪ್ಯಾಂಗಾಂಗಿನ ನೀಲಿ ಉಪ್ಪುನೀರಿನಲ್ಲಿ ಹಕ್ಕಿ ಕಡಿಮೆ ಏಕೆ ಎಂಬುದಕ್ಕೆ ಉತ್ತರ ಆ ನೀರಿನಲ್ಲೇ ಇದೆ.

ಈಗ ನಮ್ಮ ಊರಿನ ನೆಂಟನ ಸುದ್ದಿ. ತ್ಸೊ ಮೊರಿರಿಯ ನಡುಗಡ್ಡೆಗಳಲ್ಲಿ, ದಂಡೆಯ ಕೋರ್ಝೋಕ್ ಊರಿನ ಬೌದ್ಧ ಮಠದ ಕೆಳಗಿನ ಜೌಗಿನಲ್ಲಿ ಪಟ್ಟೆತಲೆ ಹೆಬ್ಬಾತುಗಳು ಮರಿ ಮಾಡುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಇದ್ದಿಲಿನಲ್ಲಿ ಎಳೆದಂಥ ಎರಡು ಗೆರೆ. ಎರಡು-ಮೂರು ಕಿಲೋ ತೂಕದ ಈ ಹಕ್ಕಿ ಹಿಮಾಲಯ ದಾಟುತ್ತದೆ ಎಂಬುದು ಹಳೆಯ ಮಾತು. ಹೇಗೆ ದಾಟುತ್ತದೆಂದು ತಿಳಿದದ್ದು ಈಚೆಗೆ. ಬೆನ್ನಿಗೆ ಉಪಗ್ರಹದ ಯಂತ್ರ ಕಟ್ಟಿ ನೋಡಿದಾಗ ಒಂದು ಹಕ್ಕಿ 7,290 ಮೀಟರ್ ಮುಟ್ಟಿತ್ತು. ಆದರೆ ಹೆಚ್ಚಿನವು ಸುಮ್ಮನೆ ಅಷ್ಟೆತ್ತರ ಏರುವುದಿಲ್ಲ. ಬೆಟ್ಟ ಏರಿದರೆ ತಾವೂ ಏರಿ, ಕಣಿವೆ ಇಳಿದರೆ ತಾವೂ ಇಳಿದು, ನೆಲದ ಹತ್ತಿರವೇ ಹಾರುತ್ತವೆ. ಮೇಲೇ ಉಳಿಯುವುದಕ್ಕಿಂತ ಅದೇ ಅಗ್ಗ. ಗಾಳಿ ತಂಪಾಗಿ ಸಾಂದ್ರವಾಗಿರುವ ರಾತ್ರಿ ಮತ್ತು ಮುಂಜಾವದಲ್ಲಿ ಬೆಟ್ಟ ದಾಟುವುದು ಹೆಚ್ಚು. ಬಯಲುನಾಡಿನ ಹೆಬ್ಬಾತುಗಳಿಗಿಂತ ಇವುಗಳ ರಕ್ತದ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಲೇಹ್‌ನಲ್ಲಿ ವಿಮಾನ ಇಳಿದು ಹೋಟೆಲಿನ ಮೊದಲ ಮಹಡಿ ಏರುವಾಗ ಏದುಸಿರು ಬಿಟ್ಟವರಿಗೆ ಇದರ ಬೆಲೆ ಗೊತ್ತು.

ಇದೇ ಜಾತಿಯ ಹಕ್ಕಿ ನವೆಂಬರಿನಿಂದ ಮಾರ್ಚಿನವರೆಗೆ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಸಾವಿರಗಟ್ಟಲೆ ಕೂತಿರುತ್ತದೆ. ಮೊರಿರಿಯಲ್ಲಿ ಕಂಡ ಹಕ್ಕಿಯೇ ಮಾಗಡಿಗೆ ಬಂತು ಎಂದು ಹೇಳಿಬಿಡಲು ಆಸೆಯೇನೋ ಆಗುತ್ತದೆ. ಆದರೆ ಕರ್ನಾಟಕದಲ್ಲಿ ಕಂಡ, ಕೊರಳಪಟ್ಟಿ ತೊಟ್ಟ ಹೆಬ್ಬಾತುಗಳ ಪಟ್ಟಿ ಓದಿದಾಗ ಸಿಕ್ಕಿದ ವಿಳಾಸ ಮಂಗೋಲಿಯಾದ್ದು, ಲಡಾಖಿಗಿಂತ ಎಷ್ಟೋ ದೂರದ್ದು. ಅಂದರೆ ನಮ್ಮ ಕೆರೆಗೆ ಬರುವವು ಮೊರಿರಿಯ ಹಕ್ಕಿಗಳ ದಾಯಾದಿಗಳಿರಬಹುದು. ಕಾಗದದ ಮೇಲೆ ಮಾತ್ರ ಎರಡೂ ಊರು ಈಗ ಒಂದೇ ಸಾಲಿನಲ್ಲಿವೆ. ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ತ್ಸೊ ಮೊರಿರಿ 2002ರಲ್ಲಿ, ತ್ಸೊ ಕರ್ 2020ರಲ್ಲಿ, ಮಾಗಡಿ ಕೆರೆ 2024ರಲ್ಲಿ ಸೇರಿದವು. ಮೊದಲಿನೆರಡು ದೇವರು ಕಟ್ಟಿದ್ದು, ಕೊನೆಯದು ಹೊಲಕ್ಕೆ ನೀರು ಬೇಕೆಂದು ನಮ್ಮವರು ಕಟ್ಟಿದ್ದು. ಹೆಬ್ಬಾತು ಆ ಭೇದ ಎಣಿಸುವುದಿಲ್ಲ.

ನಾಯಿಯ ಮಾತು ಉಳಿದಿತ್ತು. ಟೆಂಟು, ಶಿಬಿರ, ಢಾಬಾಗಳು ಹೆಚ್ಚಿದಂತೆ ಎಂಜಲು ಹೆಚ್ಚಿತು. ಎಂಜಲಿಗೆ ನಾಯಿ ಹೆಚ್ಚಿದವು. ಪ್ರವಾಸಿಗರು ಹೋದ ಮೇಲೆ ಹಸಿದ ಆ ನಾಯಿಗಳು ಗುಂಪಾಗಿ ಜೌಗಿಗೆ ಇಳಿಯುತ್ತವೆ. ನೆಲದ ಮೇಲೆ ಗೂಡು ಮಾಡುವ ಹಕ್ಕಿಗೆ ತೋಳದ ಭಯ, ನರಿಯ ಭಯ ಮೊದಲಿಂದಲೂ ಇತ್ತು. ಆದರೆ ಅವು ಹತ್ತಿಪ್ಪತ್ತರ ಹಿಂಡಾಗಿ ಹಳ್ಳಿಗೊಂದರಂತೆ ಇರಲಿಲ್ಲ. ಕ್ರೌಂಚದ ಮೊಟ್ಟೆಮರಿಗಳಿಗೆ ಲಡಾಖಿನಲ್ಲಿ ಈಗ ಎಲ್ಲಕ್ಕಿಂತ ದೊಡ್ಡ ಕುತ್ತು ಇದೇ ಎಂದು ಅಲ್ಲಿ ಕೆಲಸ ಮಾಡುವವರು ಹೇಳುತ್ತಾರೆ. ಇನ್ನೊಂದು, ಗಾಡಿಯ ಚಕ್ರ. ರಸ್ತೆ ಬಿಟ್ಟು ಜೌಗಿಗೆ ಇಳಿದ ಜೀಪಿನ ಗಾಲಿಗುರುತು ನಮ್ಮೂರಲ್ಲಾದರೆ ಒಂದು ಮಳೆಗಾಲಕ್ಕೆ ಮುಚ್ಚಿಹೋಗುತ್ತದೆ. ಅಲ್ಲಿ ಹುಲ್ಲು ಬೆಳೆಯುವ ಕಾಲವೇ ವರ್ಷಕ್ಕೆ ಎರಡು ಮೂರು ತಿಂಗಳು. ತ್ಸೊ ಕರ್ ದಂಡೆಯಲ್ಲಿ ಯಾರೋ ಖುಷಿಗೆ ಸುತ್ತು ಹಾಕಿದ ಗಾಲಿಗುರುತು, ಉಪ್ಪು ತುಂಬಿಕೊಂಡು, ಬಿಳಿಯ ಬಳೆಗಳ ಹಾಗೆ ಕೂತಿದೆ.

ಹೋಗುವವರಿಗೆ ನಾಲ್ಕು ಮಾತು. ವಿಮಾನದಲ್ಲಿ ಹೋದರೆ ಲೇಹ್‌ನಲ್ಲಿ ಕಡಿಮೆಯೆಂದರೂ ಎರಡು ಮೂರು ದಿನ ಸುಮ್ಮನೆ ಇರಿ. ಇದು ಹಿರಿಯರಿಗೆ ಮಾತ್ರ ಹೇಳುವ ಮಾತಲ್ಲ, ವ್ಯಾಯಾಮಶಾಲೆಗೆ ಹೋಗುವ ಹುಡುಗರೇ ಮೊದಲು ಮಲಗುವುದು. ಹಕ್ಕಿಗೆ ಒಳ್ಳೆಯ ಕಾಲ ಜೂನ್ ನಡುವಿನಿಂದ ಜುಲೈ ಕೊನೆಯವರೆಗೆ. ಮಾಹೆ ಸೇತುವೆ ದಾಟಿ, ಪುಗಾ ನೋಡಿಕೊಂಡು ತ್ಸೊ ಕರ್‌ಗೆ ಹೋಗಿ ಎರಡು ರಾತ್ರಿ ಉಳಿದರೆ ಮೊರಿರಿಗೆ ಒಂದು ರಾತ್ರಿ ಸಾಕು. ತಂಗಲು ಹಳ್ಳಿಯವರ ಮನೆಯನ್ನೇ ಕೇಳಿ. ಆ ದುಡ್ಡು ಆಡಿಗೂ ಹೋಗುತ್ತದೆ, ಮಕ್ಕಳ ಶಾಲೆಗೂ ಹೋಗುತ್ತದೆ. ಒಳ್ಳೆಯ ದೂರದರ್ಶಕ ಇಲ್ಲದಿದ್ದರೆ ಯಾರದಾದರೂ ಸಾಲ ತನ್ನಿ, ಆದರೆ ರಸ್ತೆ ಬಿಟ್ಟು ಗೂಡಿನ ಕಡೆ ಒಂದು ಹೆಜ್ಜೆಯನ್ನೂ ಇಡಬೇಡಿ. ಕೂತ ಹಕ್ಕಿ ಕತ್ತೆತ್ತಿ ನಿಮ್ಮನ್ನೇ ನೋಡುತ್ತಿದೆಯೆಂದರೆ ನೀವು ಆಗಲೇ ಹತ್ತಿರ ಬಂದಾಗಿದೆ.

ಅಷ್ಟು ದೂರ ಹೋಗಲಾಗದವರು, ನನ್ನ ಲೆಕ್ಕದಲ್ಲಿ ಹೆಚ್ಚಿನವರು, ಡಿಸೆಂಬರಿನಿಂದ ಫೆಬ್ರವರಿಯ ನಡುವೆ ಒಂದು ಬೆಳಿಗ್ಗೆ ಮಾಗಡಿಗೆ ಹೋಗಿ. ಗದಗದಿಂದ ಸುಮಾರು 26 ಕಿಲೋಮೀಟರ್, ಲಕ್ಷ್ಮೇಶ್ವರದ ಹತ್ತಿರ. ಬೆಳಗಿನ ಹೊತ್ತು ಹೊಲಕ್ಕೂ ಕೆರೆಗೂ ನಡುವೆ ಹಿಂಡುಹಿಂಡಾಗಿ ಓಡಾಡುವ ಹೆಬ್ಬಾತುಗಳ ಸದ್ದು ಕೆರೆ ಕಾಣುವ ಮುಂಚೆಯೇ ಕೇಳುತ್ತದೆ. ಅವು ಶೇಂಗಾ ಕಿತ್ತ ಹೊಲದಲ್ಲಿ ಉಳಿದದ್ದನ್ನು ಆರಿಸುತ್ತವೆ, ಕಡಲೆಯ ಎಳೆ ಗಿಡವನ್ನೂ ಬಿಡುವುದಿಲ್ಲ. ನಿಮಗೆ ನಷ್ಟವಾಗುವುದಿಲ್ಲವೇ ಎಂದು ಏರಿಯ ಮೇಲೆ ಸಿಕ್ಕ ರೈತರೊಬ್ಬರನ್ನು ಕೇಳಿದೆ. “ಆಕ್ಕೈತ್ರಿ ಸರ, ಆಗದ ಏನ್ರಿ? ಕಡ್ಲಿ ಎಳಿ ಇದ್ದಾಗ ಮೇದ್ರ ಸಿಟ್ಟ ಬರ್ತೈತಿ. ಆದ್ರ ಕೆರಿಗೆ ನೀರ ಬಂದಿಲ್ಲಂದ್ರ ಅವೂ ಬರಂಗಿಲ್ಲ ನೋಡ್ರಿ. ಅಂಥಾ ವರ್ಷ ನಮ್ಗ ಕಡ್ಲೀನೂ ಇರಂಗಿಲ್ಲ” ಅಂದರು. ಆಮೇಲೆ ನನ್ನ ಮುಕ್ಕಾಲಿಯನ್ನು ಒಮ್ಮೆ ನೋಡಿ, ಬಿಸಿಲೇರಿದ ಮೇಲೆ ಹಕ್ಕಿ ನಿದ್ದೆಗೆ ಬೀಳುತ್ತವೆ, ಅಷ್ಟರಲ್ಲಿ ಲಕ್ಷ್ಮೇಶ್ವರಕ್ಕೆ ಹೋಗಿ ಸೋಮೇಶ್ವರನ ಗುಡಿ ನೋಡಿಕೊಂಡು ಬನ್ನಿ ಎಂದು ದಾರಿ ತೋರಿಸಿದರು. ಪಂಪ ತನ್ನ ಕಾವ್ಯದ ಕನ್ನಡಕ್ಕೆ ಮಾದರಿಯೆಂದು ಹೆಸರಿಸಿದ ಪುಲಿಗೆರೆ ಅದೇ ಊರು. ಬಸ್ಸುಗಳು ಹೇರಳವಾಗಿವೆ.